ಹತ್ತು ಲಕ್ಷ ದಾಖಲೆ, ನಲವತ್ತು ಸಾಲಿನ ಪರದೆ

ಔಷಧಿ ಅಂಗಡಿಯವರು ಮಾತ್ರೆಯ ಹೆಸರಿನ ಮೊದಲ ಮೂರು ಅಕ್ಷರ ಒತ್ತುತ್ತಾರೆ. ಸಹಕಾರ ಸಂಘದ ಗುಮಾಸ್ತರು ಸದಸ್ಯರ ಸಂಖ್ಯೆ ಹೊಡೆಯುತ್ತಾರೆ. ಶಾಲೆಯ ಕಚೇರಿಯಲ್ಲಿ ತರಗತಿಯ ಹೆಸರು ಆರಿಸುತ್ತಾರೆ. ಮೂರು ಕಡೆಯೂ ಪರದೆಯ ಮೇಲೆ ಮೂಡುವುದು ಒಂದೇ ಚಿತ್ರ: ಅಡ್ಡಕ್ಕೆ ಸಾಲು, ಉದ್ದಕ್ಕೆ ಕಾಲಂ, ನಡುವೆ ಹೆಸರು, ಅಂಕಿ, ದಿನಾಂಕ. ಎಲ್ಲವೂ ಮೊಬೈಲಿಗೆ ಹೋಯಿತು, ಬ್ರೌಸರಿಗೆ ಹೋಯಿತು ಎನ್ನುವ ಈ ಕಾಲದಲ್ಲೂ ಇಂಥ ಎಷ್ಟೋ ಕೌಂಟರುಗಳ ಹಿಂದೆ ದುಡಿಯುತ್ತಿರುವುದು ಅದೇ ಕಂಪ್ಯೂಟರಿನಲ್ಲಿ ಹಾಕಿಕೊಂಡ ಡೆಸ್ಕ್‌ಟಾಪ್ ತಂತ್ರಾಂಶ. ಅದರ ಮುಖವೆಂದರೆ ಈ ಕೋಷ್ಟಕ. ಎಷ್ಟು ಪರಿಚಿತ ಎಂದರೆ ಯಾರೂ ಅದನ್ನು ನೋಡುವುದೇ ಇಲ್ಲ, ಅದರೊಳಗಿನ ಹೆಸರನ್ನಷ್ಟೇ ಹುಡುಕುತ್ತಾರೆ.

ಕಂಪ್ಯೂಟರ್ ವಿಜ್ಞಾನ ಓದುವವರಿಗೆ ಕಾಲೇಜಿನಲ್ಲಿ ಸಿಗುವ ಮೊದಲ ಪ್ರಾಜೆಕ್ಟುಗಳಲ್ಲೂ ಇದು ಇದ್ದೇ ಇರುತ್ತದೆ. ಡೇಟಾಬೇಸಿನಿಂದ ದಾಖಲೆಗಳನ್ನು ತೆಗೆ, ಟೇಬಲ್ಲಿನಲ್ಲಿ ತೋರಿಸು. ಗ್ರಂಥಾಲಯದ ಪುಸ್ತಕ, ವಿದ್ಯಾರ್ಥಿಗಳ ಅಂಕ, ಯಾವುದಾದರೂ ಸರಿ. ನಾಲ್ಕು ಸಾಲಿನ ಕೋಡು ಬರೆದರೆ ಟೇಬಲ್ ತುಂಬುತ್ತದೆ, ಪರೀಕ್ಷಕರು ಅಂಕ ಕೊಡುತ್ತಾರೆ. ಅದೇ ಕೋಡು ನಿಜವಾದ ಕಚೇರಿಗೆ ಹೋಗಿ ಕೂತಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ. ಏಕೆಂದರೆ ಪರದೆಯಲ್ಲಿ ಕಾಣುವುದು ಡೇಟಾಬೇಸ್ ಅಲ್ಲ. ಯಾವುದೋ ಒಂದು ಕ್ಷಣದಲ್ಲಿ, ಯಾವುದೋ ಒಂದು ಕ್ರಮದಲ್ಲಿ ತೆಗೆದ ಅದರ ಒಂದು ತುಣುಕಿನ ನಕಲು. ನಕಲನ್ನೇ ಅಸಲು ಎಂದು ನಂಬಿ ಬರೆದ ತಂತ್ರಾಂಶ ತಡವರಿಸುತ್ತದೆ, ನಿಂತೇ ಹೋಗುತ್ತದೆ. ಕೆಲವೊಮ್ಮೆ ಒಬ್ಬರ ಸಾಲು ಅಳಿಸಲು ಹೋಗಿ ಇನ್ನೊಬ್ಬರದನ್ನು ಅಳಿಸುತ್ತದೆ.

ಬೇರು ಹುಡುಕಿದರೆ 1970ಕ್ಕೆ ಹೋಗಬೇಕು. ಆ ವರ್ಷದ ಜೂನ್‌ನಲ್ಲಿ ಐಬಿಎಂನ ಸ್ಯಾನ್ ಹೊಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ ಎಂಬ ಇಂಗ್ಲೆಂಡ್ ಮೂಲದ ಗಣಿತಜ್ಞ ಒಂದು ಪ್ರಬಂಧ ಪ್ರಕಟಿಸಿದ. ದೊಡ್ಡ ದತ್ತಾಂಶ ಭಂಡಾರಗಳನ್ನು ಗಣಿತದ 'ಸಂಬಂಧ'ಗಳಾಗಿ, ಅಂದರೆ ಸಾಲು ಮತ್ತು ಕಾಲಂಗಳಾಗಿ ಇಡಬಹುದು ಎಂಬುದು ಅದರ ತಿರುಳು. ಇಂದಿನ ಒರಾಕಲ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ನಿಮ್ಮ ಫೋನಿನೊಳಗಿನ ಎಸ್‌ಕ್ಯೂಲೈಟ್ ಎಲ್ಲವೂ ಆ ವಂಶದವೇ. 1981ರಲ್ಲಿ ಕಾಡ್‌ಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಅವನ ಕಲ್ಪನೆಯಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಅಂಶವಿದೆ: ಸಾಲುಗಳಿಗೆ ಕ್ರಮವೇ ಇಲ್ಲ. ಮೊದಲ ಸಾಲು, ಕೊನೆಯ ಸಾಲು ಎಂಬ ಮಾತಿಗೆ ಅಲ್ಲಿ ಅರ್ಥವಿಲ್ಲ. ಅದೊಂದು ಗಣ, ಅಷ್ಟೇ.

ಪರದೆ ಹಾಗಲ್ಲ. ಅಲ್ಲಿ ಒಂದು ಸಾಲು ಮೇಲಿರಲೇಬೇಕು, ಇನ್ನೊಂದು ಕೆಳಗಿರಲೇಬೇಕು. ಹೀಗಾಗಿ ಕ್ರಮವನ್ನು ಕೇಳಿ ಪಡೆಯಬೇಕು. ಎಸ್‌ಕ್ಯೂಎಲ್ ಭಾಷೆಯಲ್ಲಿ 'ಆರ್ಡರ್ ಬೈ' ಎಂದು ಬರೆಯದಿದ್ದರೆ ಸಾಲುಗಳು ಹೇಗೆ ಬೇಕಾದರೂ ಬರಬಹುದು. ತೊಡಕೆಂದರೆ, ಸಣ್ಣ ಡೇಟಾಬೇಸಿನಲ್ಲಿ ಕೇಳದಿದ್ದರೂ ಅವು ಸಾಮಾನ್ಯವಾಗಿ ತುಂಬಿಸಿದ ಕ್ರಮದಲ್ಲೇ ಬರುತ್ತವೆ. ತಿಂಗಳುಗಟ್ಟಲೆ ಹಾಗೆಯೇ ಬರುತ್ತಿದ್ದು, ಒಂದು ದಿನ ಯಾರೋ ಇಂಡೆಕ್ಸ್ ಸೇರಿಸಿದಾಗಲೋ ಕೆಲವು ದಾಖಲೆ ತಿದ್ದಿದಾಗಲೋ ಕ್ರಮ ಕದಡುತ್ತದೆ. ಕಚೇರಿಯಿಂದ 'ವೈರಸ್ ಬಂದಿದೆ' ಎಂದು ಫೋನ್ ಹೋಗುತ್ತದೆ.

ಕಾಡ್‌ನ ಸಾಲುಗಳು ನಮ್ಮೂರಿನ ಮೇಜುಗಳಿಗೆ ಬಂದ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಎಂಜಿನಿಯರ್ ವೇಯ್ನ್ ರ‍್ಯಾಟ್ಲಿಫ್ ಬರೆದ 'ವಲ್ಕನ್' ಎಂಬ ಪ್ರೋಗ್ರಾಂ ಮುಂದೆ ಡಿಬೇಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದರ ದಾರಿಯಲ್ಲೇ ಫಾಕ್ಸ್‌ಪ್ರೊ ಬಂತು, 1992ರಲ್ಲಿ ಮೈಕ್ರೋಸಾಫ್ಟ್ ಅದನ್ನು ತಯಾರಿಸಿದ ಕಂಪನಿಯನ್ನು ಕೊಂಡಿತು. ತೊಂಬತ್ತರ ದಶಕದಲ್ಲಿ ಊರಿನ ಕಂಪ್ಯೂಟರ್ ಕೇಂದ್ರದಲ್ಲಿ ಕಲಿತವರಿಗೆ ಫಾಕ್ಸ್‌ಪ್ರೊದ 'ಬ್ರೌಸ್' ಎಂಬ ಆಜ್ಞೆ ನೆನಪಿರಬೇಕು. ಆ ಒಂದು ಪದ ಹೊಡೆದು ಎಂಟರ್ ಒತ್ತಿದರೆ ಇಡೀ ಫೈಲು ಸಾಲುಸಾಲಾಗಿ ಕಣ್ಣ ಮುಂದೆ ತೆರೆಯುತ್ತಿತ್ತು, ಅಲ್ಲೇ ತಿದ್ದಬಹುದಿತ್ತು. ಅಲ್ಲಿ ನಕಲು–ಅಸಲಿನ ದೂರ ಬಹಳ ಕಡಿಮೆ. ಫೈಲು ಅದೇ ಕಂಪ್ಯೂಟರಿನಲ್ಲಿ, ಬಳಸುವವರು ಬಹುತೇಕ ಒಬ್ಬರೇ. 1993ರ ವಿಶುವಲ್ ಬೇಸಿಕ್ 3 'ಡೇಟಾ ಕಂಟ್ರೋಲ್' ತಂದಿತು. 1995ರಲ್ಲಿ ಬೋರ್ಲ್ಯಾಂಡ್ ಕಂಪನಿಯ ಡೆಲ್ಫಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಪ್ರೋಗ್ರಾಂ ಬರೆಯುತ್ತಿರುವಾಗಲೇ, ಇನ್ನೂ ಓಡಿಸದೆಯೇ, ಗ್ರಿಡ್‌ನಲ್ಲಿ ನಿಜವಾದ ದಾಖಲೆಗಳು ಮೂಡುತ್ತಿದ್ದವು. ಪ್ರದರ್ಶನಕ್ಕೆ ಅದಕ್ಕಿಂತ ಮೋಹಕವಾದದ್ದು ಬೇಕಿರಲಿಲ್ಲ. ಡೇಟಾಬೇಸ್ ಬೇರೆ ಊರಿನ ಸರ್ವರಿಗೆ ಹೋದ ಮೇಲೂ ಅದೇ ಮೋಹದಲ್ಲಿ ಪ್ರೋಗ್ರಾಂ ಬರೆದವರು ಬಹಳ ಜನ. ಈಗಲೂ ಬರೆಯುತ್ತಿದ್ದಾರೆ.

ಮೂರು ಪ್ರಶ್ನೆ, ಒಂದು ಮುದ್ರೆ

ಈ ಮೋಹದಿಂದ ಹೊರಬರುವ ದಾರಿ ಆಗಲೇ ಸಿದ್ಧವಾಗಿತ್ತು. 1979ರಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರಕ್ಕೆ ಅತಿಥಿಯಾಗಿ ಬಂದಿದ್ದ ನಾರ್ವೆಯ ತ್ರಿಗ್ವೆ ರೀನ್‌ಸ್ಕೌಗ್, ಮಾಹಿತಿಯನ್ನು ಇಟ್ಟುಕೊಳ್ಳುವ ಭಾಗ ಬೇರೆ, ತೋರಿಸುವ ಭಾಗ ಬೇರೆ ಇರಬೇಕು ಎಂದು ಪ್ರತಿಪಾದಿಸಿದ್ದ. ಮೊದಲನೆಯದು ಮಾಡೆಲ್, ಎರಡನೆಯದು ವ್ಯೂ. ಇದನ್ನು ಟೇಬಲ್ಲಿಗೆ ಚೊಕ್ಕವಾಗಿ ಅನ್ವಯಿಸಿದ್ದನ್ನು ನೋಡಬೇಕಾದರೆ 1998ರ ಕೊನೆಯಲ್ಲಿ ಜಾವಾ 1.2ರ ಜೊತೆ ಬಂದ ಸ್ವಿಂಗ್ ಲೈಬ್ರರಿಯ ಜೆಟೇಬಲ್ ನೋಡಬೇಕು. ಇಂದು ಸ್ವಿಂಗ್‌ನಲ್ಲಿ ಹೊಸದಾಗಿ ಬರೆಯುವವರು ಕಡಿಮೆ. ಆದರೂ ಟೇಬಲ್ ಎಂದರೇನು ಎಂದು ಕಲಿಯಲು ಅದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ.

ಜೆಟೇಬಲ್ ತನ್ನೊಳಗೆ ಯಾವ ದಾಖಲೆಯನ್ನೂ ಇಟ್ಟುಕೊಳ್ಳುವುದಿಲ್ಲ. ಅದು ಮಾಡೆಲ್ಲಿಗೆ ಮುಖ್ಯವಾಗಿ ಮೂರು ಪ್ರಶ್ನೆ ಕೇಳುತ್ತದೆ. ಎಷ್ಟು ಸಾಲು? ಎಷ್ಟು ಕಾಲಂ? ಇಂಥ ಸಾಲಿನ ಇಂಥ ಕಾಲಂನಲ್ಲಿ ಏನಿದೆ? ಪ್ರೋಗ್ರಾಮರ್ ಕಡ್ಡಾಯವಾಗಿ ಬರೆಯಬೇಕಾದದ್ದು ಈ ಮೂರಕ್ಕೆ ಉತ್ತರ ಮಾತ್ರ. ಉತ್ತರ ಎಲ್ಲಿಂದ ಬಂತು ಎಂಬುದು ಟೇಬಲ್ಲಿಗೆ ಬೇಕಿಲ್ಲ. ಸರ್ವರಿನಿಂದ ತಂದಿರಬಹುದು, ಫೈಲಿನಿಂದ ಓದಿರಬಹುದು, ಆಗಷ್ಟೇ ಲೆಕ್ಕ ಹಾಕಿರಬಹುದು.

ಮೂರನೆಯ ಪ್ರಶ್ನೆಯನ್ನು ಅದು ಯಾವಾಗ ಕೇಳುತ್ತದೆ ಎನ್ನುವುದರಲ್ಲಿದೆ ಜಾಣತನ. ಒಂದು ಸಂಘದಲ್ಲಿ 10 ಲಕ್ಷ ವಹಿವಾಟುಗಳಿವೆ, ಪ್ರತಿಯೊಂದಕ್ಕೂ 12 ಕಾಲಂ ಎಂದುಕೊಳ್ಳಿ. ಒಟ್ಟು 1 ಕೋಟಿ 20 ಲಕ್ಷ ಮನೆಗಳಾದವು. ಪ್ರತಿ ಮನೆಗೂ ಪರದೆಯ ಮೇಲೊಂದು ಪುಟ್ಟ ಚೌಕವನ್ನು ನಿಜವಾಗಿಯೂ ಸೃಷ್ಟಿಸಹೊರಟರೆ ಯಾವ ಕಂಪ್ಯೂಟರಾದರೂ ಏದುಸಿರು ಬಿಡುತ್ತದೆ. ಆದರೆ ಪರದೆಯಲ್ಲಿ ಒಮ್ಮೆಗೆ ಕಾಣುವುದು ಹೆಚ್ಚೆಂದರೆ 40 ಸಾಲು, ಅಂದರೆ 480 ಮನೆ. ಜೆಟೇಬಲ್ ಆ 480ನ್ನು ಮಾತ್ರ ಕೇಳುತ್ತದೆ. ಬಿಡಿಸಲು ಬಳಸುವುದು ಒಂದೇ ಒಂದು ಲೇಬಲ್. ಅದಕ್ಕೆ ಹೆಸರು ಹಾಕಿ ಇಲ್ಲೊಮ್ಮೆ ಒತ್ತುತ್ತದೆ, ಹೆಸರು ಬದಲಿಸಿ ಪಕ್ಕದಲ್ಲಿ ಒತ್ತುತ್ತದೆ. ಅಂಚೆ ಕಚೇರಿಯಲ್ಲಿ ಒಂದೇ ಮುದ್ರೆಯನ್ನು ಶಾಯಿಗೆ ಅದ್ದಿ ನೂರು ಲಕೋಟೆಗೆ ಹೊಡೆಯುವಂತೆ. ಜಾವಾದ ಅಧಿಕೃತ ಪಾಠವೂ ಇದನ್ನು ಮುದ್ರೆ ಎಂದೇ ವಿವರಿಸುತ್ತದೆ. ನೀವು ಕೆಳಕ್ಕೆ ಸ್ಕ್ರಾಲ್ ಮಾಡಿದಾಗ ಹೊಸ ಚೌಕಗಳೇನೂ ಹುಟ್ಟುವುದಿಲ್ಲ. ಹೊಸದಾಗಿ ಕಾಣುವ ಜಾಗದಲ್ಲಿ ಅದೇ ಲೇಬಲ್ಲಿನಿಂದ ಬೇರೆ ಹೆಸರುಗಳ ಮುದ್ರೆ ಬೀಳುತ್ತದೆ. 2005ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ 2.0ರ ಡೇಟಾಗ್ರಿಡ್‌ವ್ಯೂನಲ್ಲಿ ಇದೇ ಉಪಾಯ 'ವರ್ಚುವಲ್ ಮೋಡ್' ಎಂಬ ಹೆಸರಿನಲ್ಲಿದೆ. ಅದೇ ವರ್ಷ ಬಂದ ಕ್ಯೂಟಿ ಎಂಬ ಲೈಬ್ರರಿಯ 4ನೇ ಆವೃತ್ತಿಯಲ್ಲೂ ಮಾಡೆಲ್ ಮತ್ತು ವ್ಯೂ ಬೇರೆಬೇರೆಯಾದವು.

ಉಪಾಯ ಗೊತ್ತಿದ್ದವರೂ ಎಡವುವ ಜಾಗವೊಂದಿದೆ. ಮೂರನೆಯ ಪ್ರಶ್ನೆಗೆ ಉತ್ತರ ಕೊಡುವ ಜಾಗದಲ್ಲೇ ಡೇಟಾಬೇಸಿಗೆ ಕ್ವೆರಿ, ಅಂದರೆ ಮಾಹಿತಿಯ ಕೋರಿಕೆ, ಕಳಿಸುವ ಕೋಡು ಬರೆದುಬಿಡುವುದು. ಟೇಬಲ್ ಆ ಪ್ರಶ್ನೆಯನ್ನು ಒಮ್ಮೆ ಕೇಳಿ ಸುಮ್ಮನಾಗುವುದಿಲ್ಲ. ಕಿಟಕಿಯನ್ನು ಮುಚ್ಚಿ ತೆರೆದರೆ, ಕಾಲಂ ಅಗಲಿಸಿದರೆ, ಸ್ಕ್ರಾಲ್ ಮಾಡಿದರೆ ಮತ್ತೆ ಮತ್ತೆ ಕೇಳುತ್ತದೆ. ಪ್ರತಿ ಸಲವೂ 480 ಕ್ವೆರಿ ಸರ್ವರಿಗೆ ಓಡಿದರೆ ಸರ್ವರ್ ನೋಡಿಕೊಳ್ಳುವವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಕಾಣುವ ಭಾಗ, ಅದರ ಆಚೀಚೆ ಇನ್ನಷ್ಟು ಸಾಲನ್ನು ಒಟ್ಟಿಗೆ ತಂದು ನೆನಪಿನಲ್ಲಿ ಇಟ್ಟುಕೊಂಡು ಅಲ್ಲಿಂದ ಉತ್ತರ ಕೊಡುವುದು ಸರಿಯಾದ ಕ್ರಮ.

ಕಾಯುವುದು ಮತ್ತು ಕಾಣೆಯಾಗುವುದು

ತರುವುದೂ ಅಷ್ಟು ಸರಳವಲ್ಲ. ಸರ್ವರಿನಿಂದ ಉತ್ತರ ಎಷ್ಟೆಷ್ಟಾಗಿ ಬರುತ್ತದೆ ಎನ್ನುವುದು ಸಂಪರ್ಕ ಕಲ್ಪಿಸುವ ಡ್ರೈವರ್ ಮೇಲೆ ನಿಂತಿದೆ. ಜಾವಾದಿಂದ ಒರಾಕಲ್‌ಗೆ ಹೋಗುವ ಡ್ರೈವರ್, ಬೇರೆ ಏನೂ ಹೇಳದಿದ್ದರೆ, ಒಂದು ಸಲಕ್ಕೆ 10 ಸಾಲು ತರುತ್ತದೆ. ಪೋಸ್ಟ್‌ಗ್ರೆಸ್‌ನದು ಏನೂ ಹೇಳದಿದ್ದರೆ ಎಲ್ಲ ಸಾಲನ್ನೂ ಒಮ್ಮೆಗೇ ಹೊತ್ತು ತಂದು ಮೆಮೊರಿಯಲ್ಲಿ ಸುರಿಯುತ್ತದೆ. ಒಂದು ಸಾವಿರ ದಾಖಲೆಗೆ ಎರಡೂ ಒಂದೇ. ಹತ್ತು ಲಕ್ಷಕ್ಕೆ ಮೊದಲನೆಯದು ಲಕ್ಷ ಸಲ ಓಡಾಡುತ್ತದೆ, ಎರಡನೆಯದು ಮೆಮೊರಿ ಸಾಲದೆ ಬೀಳಬಹುದು. ಈ ಅಳತೆಯನ್ನು ಬದಲಿಸಲು ಒಂದೆರಡು ಸಾಲಿನ ಕೋಡು ಸಾಕು. ಬದಲಿಸಬೇಕೆಂದು ಗೊತ್ತಿರಬೇಕಷ್ಟೆ.

ತರುವ ಹೊತ್ತಿನಲ್ಲಿ ಪರದೆ ಏನು ಮಾಡುತ್ತಿರಬೇಕು? ಡೆಸ್ಕ್‌ಟಾಪ್ ತಂತ್ರಾಂಶಗಳಲ್ಲಿ ಪರದೆ ಬಿಡಿಸುವ ಕೆಲಸ ಸಾಮಾನ್ಯವಾಗಿ ಒಂದೇ ಥ್ರೆಡ್‌ನದು, ಅಂದರೆ ಪ್ರೋಗ್ರಾಂನೊಳಗಿನ ಒಂದೇ ಕೆಲಸದ ಎಳೆಯದು. ಮೌಸ್ ಒತ್ತಿದ್ದನ್ನು ಗಮನಿಸುವುದೂ ಅದೇ. ಆ ಥ್ರೆಡ್ಡನ್ನೇ ಸರ್ವರಿನ ಉತ್ತರಕ್ಕೆ ಕಾಯಲು ಕೂರಿಸಿದರೆ ಗುಂಡಿ ಒತ್ತಿದರೂ ಕೇಳಿಸಿಕೊಳ್ಳುವವರಿಲ್ಲ. ಐದು ಸೆಕೆಂಡು ಹೀಗೆ ಮಿಸುಕಾಡದಿದ್ದರೆ ವಿಂಡೋಸ್ ಆ ಕಿಟಕಿಯನ್ನು ಬಿಳಚಿಸಿ, 'ಸ್ಪಂದಿಸುತ್ತಿಲ್ಲ' ಎಂಬ ಅರ್ಥದ ಪಟ್ಟಿ ಹಚ್ಚುತ್ತದೆ. ಪ್ರೋಗ್ರಾಂ ಸತ್ತಿರುವುದಿಲ್ಲ, ಕಾಯುತ್ತಿರುತ್ತದೆ. ಆದರೆ ಕೌಂಟರಿನ ಮುಂದೆ ಸಾಲು ನಿಂತಿರುವಾಗ ಗುಮಾಸ್ತರಿಗೆ ಆ ವ್ಯತ್ಯಾಸ ಗೊತ್ತಾಗುವುದು ಹೇಗೆ? ಅವರು ಅದನ್ನು ಕೊಂದು ಮತ್ತೆ ತೆರೆಯುತ್ತಾರೆ, ಅರ್ಧಕ್ಕೆ ನಿಂತ ಕೆಲಸದ ಮೇಲೆ ಅದೇ ಕೆಲಸ ಎರಡನೇ ಸಲ ಹೇರುತ್ತಾರೆ. ತರುವ ಕೆಲಸವನ್ನು ಹಿನ್ನೆಲೆಯ ಬೇರೆ ಥ್ರೆಡ್‌ಗೆ ಒಪ್ಪಿಸಬೇಕು. ಜಾವಾದಲ್ಲಿ ಇದಕ್ಕೆಂದೇ 2006ರಲ್ಲಿ ಸ್ವಿಂಗ್‌ವರ್ಕರ್ ಬಂತು. ಉಪಯುಕ್ತತೆಯ ತಜ್ಞ ಜೇಕಬ್ ನೀಲ್ಸನ್ 1993ರಲ್ಲಿ ಕೊಟ್ಟ ಅಳತೆಗಳು ಇಲ್ಲಿ ಇಂದಿಗೂ ಹೊಂದುತ್ತವೆ. 0.1 ಸೆಕೆಂಡಿನೊಳಗೆ ಉತ್ತರ ಬಂದರೆ ತಕ್ಷಣ ಬಂತು ಎನಿಸುತ್ತದೆ. ಒಂದು ಸೆಕೆಂಡಿನವರೆಗೆ ಯೋಚನೆಯ ಎಳೆ ಕಡಿಯುವುದಿಲ್ಲ. ಹತ್ತು ಸೆಕೆಂಡು ದಾಟಿದರೆ ಮನಸ್ಸು ಬೇರೆ ಕಡೆ ಹೋಗಿರುತ್ತದೆ.

ನಿಧಾನಕ್ಕಿಂತ ಕೆಟ್ಟದ್ದು ಕಾಣೆಯಾಗುವುದು. ಕ್ಯೂಟಿಯಲ್ಲಿ ಎಸ್‌ಕ್ಯೂಲೈಟ್ ಡೇಟಾಬೇಸ್ ಇಟ್ಟುಕೊಂಡು ಟೇಬಲ್ ತುಂಬಿಸಿದವರು ಬಹುತೇಕ ಎಲ್ಲರೂ ಒಮ್ಮೆ ಬೆರಗಾಗಿರುತ್ತಾರೆ: ಸಾವಿರಾರು ದಾಖಲೆಗಳಿದ್ದರೂ ಮಾಡೆಲ್ ತನ್ನಲ್ಲಿರುವುದು 256 ಸಾಲು ಎನ್ನುತ್ತದೆ. ಅದು ದೋಷವಲ್ಲ. ಒಟ್ಟು ಎಷ್ಟಿವೆ ಎಂದು ಎಸ್‌ಕ್ಯೂಲೈಟ್ ಮೊದಲೇ ಹೇಳುವುದಿಲ್ಲ, ಹಾಗಾಗಿ ಕ್ಯೂಟಿ ಸ್ವಲ್ಪ ತಂದು ನಿಲ್ಲುತ್ತದೆ, ಕೆಳಕ್ಕೆ ಸ್ಕ್ರಾಲ್ ಮಾಡಿದಂತೆ ಇನ್ನಷ್ಟು ತರುತ್ತದೆ. ಸೊಗಸಾದ ವ್ಯವಸ್ಥೆಯೇ. ಆದರೆ ಆ 256ನ್ನು ಒಟ್ಟು ಸಂಖ್ಯೆ ಎಂದು ಪರದೆಯ ಅಡಿಯಲ್ಲಿ ಅಚ್ಚು ಹಾಕಿದರೆ, ಅಥವಾ ಆ ಸಾಲುಗಳನ್ನಷ್ಟೇ ಕೂಡಿ 'ಒಟ್ಟು ಬಾಕಿ' ಎಂದು ತೋರಿಸಿದರೆ ಅದು ಸುಳ್ಳು ಲೆಕ್ಕ.

ಇಂಥ ಮೌನದ ಕತ್ತರಿ ಎಷ್ಟು ಆಳಕ್ಕೆ ಹೋಗಬಹುದು ಎಂಬುದನ್ನು 2020ರಲ್ಲಿ ಇಂಗ್ಲೆಂಡ್ ಕಂಡಿತು. ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಪ್ರಯೋಗಾಲಯಗಳ ಕೋವಿಡ್ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ ಫೈಲ್ ಮಾದರಿಗೆ ಹಾಕಿಕೊಳ್ಳುತ್ತಿತ್ತು. ಆ ಮಾದರಿಯಲ್ಲಿ ಒಂದು ಹಾಳೆಗೆ 65,536 ಸಾಲಷ್ಟೇ ಹಿಡಿಯುತ್ತದೆ. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಪ್ರಕರಣಗಳು ದೈನಂದಿನ ಲೆಕ್ಕದಿಂದ ಹೊರಗುಳಿದವು. ಸೋಂಕಿತರಿಗೆ ಫಲಿತಾಂಶ ತಲುಪಿತ್ತು, ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ತಡವಾಯಿತು. ಟೇಬಲ್ ತುಂಬಿದಂತೆ ಕಾಣುತ್ತಿತ್ತು, ಅದರಾಚೆಗೂ ಸಾಲುಗಳಿವೆ ಎಂದು ಹೇಳುವ ಗುರುತು ಯಾವುದೂ ಇರಲಿಲ್ಲ.

ಮೂರನೆಯ ಸಾಲು ಯಾವುದು?

ಈಗ ಅತ್ಯಂತ ಅಪಾಯದ ಜಾಗಕ್ಕೆ ಬರೋಣ. ಕಾಲಂನ ತಲೆಬರಹ ಒತ್ತಿದರೆ ಸಾಲುಗಳು ಅದರ ಪ್ರಕಾರ ಜೋಡಣೆಯಾಗುತ್ತವೆ, ಇದು ಎಲ್ಲರಿಗೂ ಅಭ್ಯಾಸ. ಜೆಟೇಬಲ್ಲಿಗೆ ಈ ಸೌಲಭ್ಯ ಜಾವಾ 6ರಲ್ಲಿ ಸೇರಿತು. ಹಾಗೆ ಜೋಡಿಸುವಾಗ ಮಾಡೆಲ್ಲಿನ ಕ್ರಮ ಬದಲಾಗುವುದಿಲ್ಲ, ವ್ಯೂನದ್ದು ಮಾತ್ರ ಬದಲಾಗುತ್ತದೆ. ಪರದೆಯ ಮೂರನೆಯ ಸಾಲು ಮಾಡೆಲ್ಲಿನಲ್ಲಿ ಎಂಬತ್ತನೆಯದಾಗಿರಬಹುದು. ಬಳಕೆದಾರ ಪರದೆಯ ಮೂರನೆಯ ಸಾಲನ್ನು ಆರಿಸಿ 'ಅಳಿಸು' ಒತ್ತುತ್ತಾನೆ. ಪ್ರೋಗ್ರಾಮರ್ ಆ ಮೂರನ್ನು ಮಾಡೆಲ್ಲಿನ ಸಂಖ್ಯೆಗೆ ಪರಿವರ್ತಿಸಲು ಮರೆತಿದ್ದರೆ ಮಾಡೆಲ್ಲಿನ ಮೂರನೆಯ ದಾಖಲೆ ಹೋಗುತ್ತದೆ. ಪರಿವರ್ತಿಸುವ ಮೆಥಡ್ ಜೆಟೇಬಲ್ಲಿನಲ್ಲೇ ಇದೆ, ಒಂದು ಕರೆ ಸಾಕು. ಮರೆತ ಪ್ರೋಗ್ರಾಂ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಏಕೆಂದರೆ ಪರೀಕ್ಷೆ ಮಾಡುವವರು ತಲೆಬರಹ ಒತ್ತಿರುವುದಿಲ್ಲ.

ತಾನಾಗಿಯೇ ಹೊಸದಾಗುವ ಟೇಬಲ್ಲಿನಲ್ಲೂ ಇದೇ ಕಥೆ. ನೀವು ಒಂದು ಸಾಲಿನ ಮೇಲೆ ಕೈ ಇಡುವಷ್ಟರಲ್ಲಿ ಬೇರೆ ಕೌಂಟರಿನಿಂದ ಹೊಸ ದಾಖಲೆ ಸೇರಿ ಎಲ್ಲವೂ ಒಂದು ಸಾಲು ಕೆಳಗಿಳಿಯುತ್ತದೆ, ನಿಮ್ಮ ಕ್ಲಿಕ್ ಪಕ್ಕದವರ ಮೇಲೆ ಬೀಳುತ್ತದೆ. ಕಾಡ್ ಐವತ್ತು ವರ್ಷಗಳ ಹಿಂದೆಯೇ ಹೇಳಿದ್ದು ಇದನ್ನೇ: ಸಾಲಿನ ಸಂಖ್ಯೆ ಗುರುತಲ್ಲ. ಪ್ರತಿ ದಾಖಲೆಗೂ ತನ್ನದೇ ಒಂದು ಕೀ ಇರಬೇಕು. ಆರಿಸಿದ್ದನ್ನೂ ಅಳಿಸುವುದನ್ನೂ ತಿದ್ದುವುದನ್ನೂ ಆ ಕೀಯಿಂದಲೇ ನೆನಪಿಡಬೇಕು.

ಜೋಡಣೆಯ ಇನ್ನೊಂದು ಮುಖ ನಮಗೆ ಹೆಚ್ಚು ಹತ್ತಿರದ್ದು. ಕನ್ನಡದ ಹೆಸರುಗಳನ್ನು ಟೇಬಲ್ ಯಾವ ಕ್ರಮದಲ್ಲಿ ಇಡುತ್ತದೆ? ಬಹಳಷ್ಟು ತಂತ್ರಾಂಶಗಳು ಅಕ್ಷರಗಳ ಯೂನಿಕೋಡ್ ಸಂಖ್ಯೆ ನೋಡಿ ಇಡುತ್ತವೆ. ವರ್ಣಮಾಲೆಯಲ್ಲಿ ನಾವು ಯ ರ ಲ ವ ಶ ಷ ಸ ಹ ಳ ಎನ್ನುತ್ತೇವೆ. ಯೂನಿಕೋಡ್ ಪಟ್ಟಿಯಲ್ಲಿ ಲ ಆದ ಕೂಡಲೇ ಳ ಇದೆ, ವ ಅದರ ನಂತರ. ಹೀಗಾಗಿ ನಿಘಂಟಿನಲ್ಲಿ 'ಕವನ', 'ಕಹಳೆ' ಆದ ಮೇಲೆ ಬರಬೇಕಾದ 'ಕಳಸ' ಪರದೆಯಲ್ಲಿ ಅವೆರಡಕ್ಕೂ ಮೊದಲೇ ಬಂದು ಕೂರುತ್ತದೆ. ಉದ್ದದ ಪಟ್ಟಿಯಲ್ಲಿ ಹೆಸರನ್ನು ಕಣ್ಣಿನಿಂದ ಹುಡುಕುವವರು ಇರಬೇಕಾದ ಜಾಗದಲ್ಲಿ ಕಾಣದೆ, ಇಲ್ಲವೇ ಇಲ್ಲ ಎಂದು ತೀರ್ಮಾನಿಸುತ್ತಾರೆ. ಆಯಾ ಭಾಷೆಯ ವಿಂಗಡಣೆಯ ನಿಯಮ ಬಲ್ಲ ಐಸಿಯುನಂಥ ಲೈಬ್ರರಿಗಳು ಉಚಿತವಾಗಿಯೇ ಸಿಗುತ್ತವೆ, ಜೋಡಿಸಿಕೊಳ್ಳುವ ಮನಸ್ಸು ಬೇಕು.

ಹುಡುಕಾಟದಲ್ಲೂ ಒಂದು ತೊಡಕಿದೆ. 'ಕೋಲಾರ' ಎಂಬುದರ 'ಕೋ' ಅಕ್ಷರದ ಓಕಾರವನ್ನು ಒಂದೇ ಚಿಹ್ನೆಯಾಗಿಯೂ ಉಳಿಸಬಹುದು, ಬಿಡಿಬಿಡಿ ಚಿಹ್ನೆಗಳ ಜೋಡಣೆಯಾಗಿಯೂ ಉಳಿಸಬಹುದು. ಕಣ್ಣಿಗೆ ಎರಡೂ ಒಂದೇ. ಯೂನಿಕೋಡ್ ಎರಡನ್ನೂ ಸಮಾನ ಎನ್ನುತ್ತದೆ, ಆದರೆ ಬೈಟುಗಳನ್ನಷ್ಟೇ ಹೋಲಿಸುವ ಕ್ವೆರಿ ಒಪ್ಪುವುದಿಲ್ಲ. ಉಳಿಸುವ ಮೊದಲೇ ಎಲ್ಲವನ್ನೂ ಒಂದೇ ರೂಪಕ್ಕೆ ತಂದುಕೊಳ್ಳದಿದ್ದರೆ ಕಣ್ಣೆದುರಿಗೇ ಇರುವ ಕೋಲಾರವನ್ನು ತಂತ್ರಾಂಶ 'ದಾಖಲೆ ಇಲ್ಲ' ಎನ್ನುತ್ತದೆ. ಯೂನಿಕೋಡ್‌ಗೂ ಮೊದಲಿನ ಫಾಂಟುಗಳ ಕಾಲದಲ್ಲಿ ತುಂಬಿಸಿದ ದತ್ತಾಂಶದ ಪಾಡು ಇನ್ನೂ ಕಷ್ಟ. ಅಲ್ಲಿ ಉಳಿದಿರುವುದು ಅಕ್ಷರವಲ್ಲ, ಅಕ್ಷರದ ಆಕಾರದ ತುಂಡುಗಳು. ಗ್ರಿಡ್‌ಗೆ ಆ ಫಾಂಟ್ ಹಚ್ಚದಿದ್ದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ.

ಅಕ್ಷರ ಸರಿಯಿದ್ದರೂ ಜಾಗ ಸಾಲದಿರಬಹುದು. ಜೆಟೇಬಲ್ಲಿನ ಸಾಲಿನ ಎತ್ತರ, ಯಾರೂ ಬದಲಿಸದಿದ್ದರೆ, 16 ಪಿಕ್ಸೆಲ್. ಇಂಗ್ಲಿಷಿಗೆ ಅಷ್ಟು ಸಾಕು. 'ರಾಷ್ಟ್ರ'ದ ಒತ್ತುಗಳಿಗೆ ಸಾಲದು, ಕೆಳಭಾಗ ಕತ್ತರಿಸಿ ಹೋಗುತ್ತದೆ. ಒತ್ತು ಹೋದ ಹೆಸರು ಬೇರೆಯದೇ ಹೆಸರು. ಹಣದ ಕಾಲಂ ನೋಡಿ: ಜಾವಾದಲ್ಲಿ ಸಂಖ್ಯೆಗಳನ್ನು ಬರೆದು ತೋರಿಸುವ ಮೂಲ ಡೆಸಿಮಲ್‌ಫಾರ್ಮ್ಯಾಟ್‌ಗೆ ಗೊತ್ತಿರುವುದು ಒಂದೇ ಅಳತೆಯ ಅಂಕಿಗುಂಪು. 12,34,567 ಎಂದು ಬರೆಯಲು ಹೇಳಿದರೂ ಅದು 1,234,567 ಎಂದೇ ತೋರಿಸುತ್ತದೆ. ಲಕ್ಷ, ಕೋಟಿಯಲ್ಲಿ ಲೆಕ್ಕ ಓದುವ ಗುಮಾಸ್ತರು ಪ್ರತಿ ಸಲವೂ ಮನಸ್ಸಿನಲ್ಲೇ ಅಲ್ಪವಿರಾಮ ಸರಿಸಿಕೊಳ್ಳಬೇಕು. ಸಂಖ್ಯೆ ಬಲಕ್ಕೆ ಒತ್ತಿಕೊಂಡಿರಬೇಕು, ಹೆಸರು ಎಡಕ್ಕೆ, ಇದು ನಮ್ಮ ಹಳೆಯ ಲೆಕ್ಕದ ಪುಸ್ತಕಗಳಿಗೂ ಗೊತ್ತಿದ್ದ ವಿಷಯ.

ಅಂಕಿಯಂತೆ ಕಂಡರೂ ಅಂಕಿಯಲ್ಲದವು ಇನ್ನೊಂದು ಗುಂಪು. ರೈತರ ಸರ್ವೆ ನಂಬರ್ ಅಂಥದ್ದು. 45/1, 45/2, 45/10 ಎಂಬ ಹಿಸ್ಸಾಗಳನ್ನು ಬರಿಯ ಪಠ್ಯವೆಂದು ಜೋಡಿಸಿದರೆ 45/1ರ ಕೆಳಗೆ 45/10 ಬಂದು, ಆಮೇಲೆ 45/2 ಬರುತ್ತದೆ. ಕರ್ನಾಟಕದ 'ಭೂಮಿ' ಯೋಜನೆ 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಪಹಣಿಯೇ ಒಂದು ಕೋಷ್ಟಕ. ಮಾಲೀಕರ ಹೆಸರಿನ 9ನೇ ಕಾಲಂ, ಸಾಲ–ಋಣದ 11ನೇ ಕಾಲಂ ಎಂದರೆ ಕಂಪ್ಯೂಟರ್ ಮುಟ್ಟದವರಿಗೂ ಗೊತ್ತು. ಪಹಣಿ ಹುಡುಕುವಾಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರಲ್ಲ, ಕಾಯುವವರಿಗೆ ಅದು ಕಿರಿಕಿರಿ ಎನಿಸಬಹುದು. ಎರಡು ಕೋಟಿ ದಾಖಲೆಗಳನ್ನು ತೋರಿಸುವ ಸರಿಯಾದ ಕ್ರಮವೇ ಅದು: ಮೊದಲು ಕಿರಿದಾಗಿಸು, ಆಮೇಲೆ ತೋರಿಸು. ಒಂದು ಗುಂಡಿ ಒತ್ತಿ 'ಎಲ್ಲವನ್ನೂ ತೋರಿಸು' ಎನ್ನುವ ಸೌಲಭ್ಯವನ್ನು ನಾನಂತೂ ಯಾವ ದೊಡ್ಡ ತಂತ್ರಾಂಶದಲ್ಲೂ ಇಡಗೊಡುವುದಿಲ್ಲ. ಎಲ್ಲವನ್ನೂ ಯಾರೂ ಓದುವುದಿಲ್ಲ.

ಕೊನೆಗೆ ತಿದ್ದುವಿಕೆ. ಒಬ್ಬ ಸದಸ್ಯರ ಸಾಲನ್ನು ಎರಡು ಕೌಂಟರುಗಳಲ್ಲಿ ಹತ್ತು ಗಂಟೆಗೆ ತೆರೆದಿದ್ದಾರೆ. ಒಬ್ಬರು ವಿಳಾಸ ತಿದ್ದಿ ಹತ್ತೂ ಐದಕ್ಕೆ ಉಳಿಸುತ್ತಾರೆ. ಇನ್ನೊಬ್ಬರು ಫೋನ್ ನಂಬರ್ ತಿದ್ದಿ ಹತ್ತೂ ಏಳಕ್ಕೆ ಉಳಿಸುತ್ತಾರೆ. ಎರಡನೆಯವರ ಪರದೆಯಲ್ಲಿ ಇನ್ನೂ ಹಳೆಯ ವಿಳಾಸವೇ ಇದೆ. ಪ್ರೋಗ್ರಾಂ ಇಡೀ ಸಾಲನ್ನು ಬರೆದರೆ ಹೊಸ ವಿಳಾಸ ಮಾಯ. ಯಾರಿಗೂ ಎಚ್ಚರಿಕೆ ಇಲ್ಲ, ಯಾರದೂ ತಪ್ಪಿಲ್ಲ. ಹಳೆಯ ಪರಿಹಾರವೆಂದರೆ ಒಬ್ಬರು ತೆರೆದ ಸಾಲಿಗೆ ಬೀಗ ಹಾಕುವುದು. ತೆರೆದವರು ಊಟಕ್ಕೆ ಹೋದರೆ ಉಳಿದವರೆಲ್ಲ ಅವರು ಕೈ ತೊಳೆಯುವವರೆಗೂ ಕಾಯಬೇಕು. 1981ರಲ್ಲಿ ಕುಂಗ್ ಮತ್ತು ರಾಬಿನ್ಸನ್ ಎಂಬ ಇಬ್ಬರು ಸಂಶೋಧಕರು ಬೇರೊಂದು ದಾರಿ ಹೇಳಿದರು: ಬೀಗ ಬೇಡ, ಬರೆಯುವ ಕ್ಷಣದಲ್ಲಿ ಪರೀಕ್ಷಿಸಿ. ಈಗ ರೂಢಿಯಲ್ಲಿರುವ ಕ್ರಮದಲ್ಲಿ ಪ್ರತಿ ದಾಖಲೆಗೂ ಒಂದು ಆವೃತ್ತಿ ಸಂಖ್ಯೆ ಇರುತ್ತದೆ. ನಾನು ಓದಿದಾಗ ಅದು 7 ಆಗಿದ್ದರೆ, '7 ಇದ್ದರೆ ಮಾತ್ರ ಬರೆ, ಬರೆದ ಮೇಲೆ 8 ಮಾಡು' ಎನ್ನುತ್ತೇನೆ. ಆಗಲೇ 8 ಆಗಿದ್ದರೆ ಡೇಟಾಬೇಸ್ ಒಂದು ಸಾಲನ್ನೂ ತಿದ್ದುವುದಿಲ್ಲ, ತಂತ್ರಾಂಶ 'ಇದನ್ನು ಬೇರೆಯವರು ಬದಲಿಸಿದ್ದಾರೆ' ಎಂದು ತಿಳಿಸುತ್ತದೆ. ಕ್ವೆರಿಗೆ ಒಂದು ಷರತ್ತು ಹೆಚ್ಚಿಗೆ, ಅಷ್ಟೇ ಖರ್ಚು.

ಖಾಲಿ ಮನೆಯ ಬಗ್ಗೆಯೂ ಒಂದು ಮಾತು. ಬಹುತೇಕ ಡೇಟಾಬೇಸುಗಳಲ್ಲಿ ಸೊನ್ನೆ ಬೇರೆ, ಖಾಲಿ ಪಠ್ಯ ಬೇರೆ, 'ಗೊತ್ತಿಲ್ಲ' ಎಂಬ ಅರ್ಥದ ನಲ್ ಬೇರೆ. ಬಾಕಿ ಸೊನ್ನೆ ಇರುವ ಸದಸ್ಯನೂ ಬಾಕಿ ಇನ್ನೂ ಲೆಕ್ಕ ಹಾಕದ ಸದಸ್ಯನೂ ಒಂದೇ ರೀತಿ ಕಂಡರೆ ವಾರ್ಷಿಕ ಸಭೆಯಲ್ಲಿ ಜಗಳವಾಗುತ್ತದೆ. ನಲ್ ಇದ್ದಲ್ಲಿ ಒಂದು ಗೀಟನ್ನಾದರೂ ಎಳೆಯಿರಿ.

ಸಂಘಕ್ಕೋ ಶಾಲೆಗೋ ಅಂಗಡಿಗೋ ತಂತ್ರಾಂಶ ಕೊಳ್ಳುವ ಓದುಗರಲ್ಲಿ ನನ್ನದೊಂದು ವಿನಂತಿ. ಮಾರಲು ಬಂದವರು ಲ್ಯಾಪ್‌ಟಾಪ್ ತೆರೆದು ಇಪ್ಪತ್ತು ಸಾಲಿನ ಅಂದದ ಟೇಬಲ್ ತೋರಿಸುತ್ತಾರೆ. ಅದನ್ನು ನೋಡಿ ತಲೆದೂಗಬೇಡಿ. ನಿಮ್ಮ ಹತ್ತು ವರ್ಷದ ಅಷ್ಟೂ ದಾಖಲೆಗಳನ್ನು ಅದಕ್ಕೆ ತುಂಬಿಸಿ ತೋರಿಸಲು ಹೇಳಿ. ತಲೆಬರಹ ಒತ್ತಿ, ಕಹಳೆ ಆದ ಮೇಲೆ ಕಳಸ ಬರುತ್ತದೆಯೇ ನೋಡಿ. ಹಾಗೆ ಜೋಡಿಸಿದ ಮೇಲೆ ಒಂದು ಸಾಲು ಅಳಿಸಿ, ಹೋದದ್ದು ಅದೇ ಸಾಲೇ ಎಂದು ಖಚಿತಪಡಿಸಿಕೊಳ್ಳಿ. ಎರಡು ಕಂಪ್ಯೂಟರಿನಲ್ಲಿ ಒಬ್ಬರದೇ ಖಾತೆ ತೆರೆದು ಇಬ್ಬರೂ ತಿದ್ದಿ. ಪರದೆಯ ಅಡಿಯಲ್ಲಿ 'ಇಷ್ಟು ದಾಖಲೆಗಳಲ್ಲಿ ಇಷ್ಟನ್ನು ತೋರಿಸಿದೆ, ಇಂಥ ಹೊತ್ತಿನ ಮಾಹಿತಿ' ಎಂಬ ಒಂದು ಸಾಲು ಬರೆಸಲು ಒತ್ತಾಯಿಸಿ. ಇದೆಲ್ಲ ಮುಂದಿನ ವರ್ಷನ್‌ನಲ್ಲಿ ಬರುತ್ತೆ ಸರ್ ಎಂದು ಅವರು ಹೇಳಿದರೆ, ಹಣವನ್ನೂ ಆ ವರ್ಷನ್ ಬಂದ ಮೇಲೆಯೇ ಕೊಡಿ.